ಮರಳಿ ಬಂದ ಸೈನಿಕನನ್ನು ಕೇಳುವವರಾರು?

ನಿವೃತ್ತ ಸೈನಿಕರ ನಿದ್ರಾಹೀನತೆಯ ಬಗ್ಗೆ ಹೋದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಆಕ್ಷೇಪಿಸಿ ರೋಣ ತಾಲ್ಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಸೈನಿಕನಿಗೆ ಇಂದು ಒಳ್ಳೆಯ ಉಡುಪು, ಆಯುಧ, ಪಿಂಚಣಿ ಎಲ್ಲವೂ ಇವೆ, ನಮ್ಮ ವೀರಪರಂಪರೆಯಲ್ಲಿ ಕಣ್ಣೀರಿಗೆ ಜಾಗವಿಲ್ಲ, ಇಂಥದ್ದನ್ನು ಓದಿದ ಹುಡುಗರು ಭರ್ತಿಗೆ ಹೋಗಲು ಹಿಂಜರಿಯುತ್ತಾರೆ ಎಂಬುದು ಅವರ ವಾದ.

ಮಾನ್ಯರೇ, ಸೈನ್ಯದ ಮೇಲಿನ ನಿಮ್ಮ ಅಭಿಮಾನ ದೊಡ್ಡದು. ಸಾಹಸದ ಕಥೆಗಳು ಇನ್ನಷ್ಟು ಬರಬೇಕೆಂಬ ನಿಮ್ಮ ಸಲಹೆಯನ್ನೂ ಒಪ್ಪುತ್ತೇನೆ. ಆದರೆ ಉಳಿದ ಮಾತುಗಳನ್ನು ಒಪ್ಪಲಾರೆ.

ಮೊದಲು ಮೈಮೇಲಿನ ಭಾರವನ್ನೇ ನೋಡೋಣ. ಗುಂಡುನಿರೋಧಕ ಜಾಕೆಟ್ಟಿನ ತೂಕವನ್ನು 10.4 ಕಿಲೋದಿಂದ 9 ಕಿಲೋಗೆ ಇಳಿಸಿದ್ದನ್ನು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ 2021ರಲ್ಲಿ ಸಾಧನೆಯೆಂದೇ ಪ್ರಕಟಿಸಿತು. ಒಂದೂವರೆ ಕಿಲೋಗೂ ಕಡಿಮೆಯಾದ ಆ ಇಳಿಕೆ ಎಷ್ಟು ಮುಖ್ಯವೆಂಬುದು ಅದನ್ನು ಹೊತ್ತು ಬೆಟ್ಟ ಹತ್ತಿದವನಿಗೇ ಗೊತ್ತು. ಅದರ ಮೇಲೆ ನಾಲ್ಕು ಕಿಲೋ ಆಸುಪಾಸಿನ ಬಂದೂಕು, ಮದ್ದುಗುಂಡು, ಹೆಲ್ಮೆಟ್, ನೀರು, ಬುತ್ತಿ, ಕೆಲವರಿಗೆ ರೇಡಿಯೊ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಬ್ರಿಟಿಷ್ ಸೈನಿಕರು ಸುಮಾರು 30 ಕಿಲೋ ಹೊತ್ತು ಮಷಿನ್‌ಗನ್ನುಗಳ ಎದುರು ನಡೆದಿದ್ದರು. ಶತಮಾನ ಕಳೆದರೂ ಈ ಹೊರೆ ಹಗುರವಾಗಿಲ್ಲ. ಬ್ಯಾಡಗಿ ಮಾರುಕಟ್ಟೆಯ ಹಮಾಲರು ಇದಕ್ಕಿಂತ ಭಾರದ ಚೀಲ ಎತ್ತುತ್ತಾರಲ್ಲ ಎನ್ನಬಹುದು. ಹಮಾಲ ತನ್ನ ಚೀಲವನ್ನು ಲಾರಿಗೆ ಹಾಕಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ. ಸೈನಿಕ ಹೊರೆಯ ಜೊತೆಗೇ ಓಡಬೇಕು, ಮಲಗಬೇಕು, ಗುರಿಯಿಡಬೇಕು. 1999ರಲ್ಲಿ ಕಾರ್ಗಿಲ್ಲಿನ ಶಿಖರಗಳನ್ನು ನಮ್ಮವರು ರಾತ್ರಿಯ ಕತ್ತಲಲ್ಲಿ, ಉಸಿರು ಸಾಲದ ಎತ್ತರದಲ್ಲಿ ಹತ್ತಿದ್ದು ಹೀಗೆಯೇ. ಮೊಣಕಾಲು ಮತ್ತು ಸೊಂಟದ ನೋವು, ಗುಂಡಿನ ಸದ್ದಿಗೆ ಮಂದವಾದ ಕಿವಿ, ಇವು ಪಿಂಚಣಿಯ ಜೊತೆಗೆ ಊರಿಗೆ ಬರುತ್ತವೆ.

ಮನಸ್ಸಿನ ಭಾರದ ವಿಷಯಕ್ಕೆ ದೂರ ಹೋಗಬೇಕಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವೂ ಮರೆತಿರಲಾರಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರನೆಯ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕರು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ನಮ್ಮ ಜಿಲ್ಲೆಗೆ ಜಿಲ್ಲೆಯೇ ಅತ್ತಿತು, ಅದು ಸರಿಯೇ. ಆದರೆ ಅಂದಿನಿಂದ ನನ್ನನ್ನು ಕಾಡುವವರು ಹಿಮವನ್ನು ಕೊರೆದವರು. ಹತ್ತೊಂಬತ್ತು ಸಾವಿರ ಅಡಿಗಳಿಗೂ ಮೇಲೆ, ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುವ ಜಾಗದಲ್ಲಿ, ದಿನಗಟ್ಟಲೆ ಮಂಜುಗಡ್ಡೆ ಕತ್ತರಿಸಿ ಜೊತೆಗಾರರ ದೇಹಗಳನ್ನು ಹೊರತೆಗೆದ ಆ ಯುವಕರು ಈಗ ಎಲ್ಲಿದ್ದಾರೆ, ಹೇಗೆ ನಿದ್ರಿಸುತ್ತಾರೆ? ಪತ್ತೆಗೆ ನೆರವಾದ ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಹೆಸರು ಪತ್ರಿಕೆಗಳಲ್ಲಿ ಬಂತು. ಆ ಹುಡುಗರ ಹೆಸರು ನಮಗೆ ಗೊತ್ತಿಲ್ಲ.

ಧಾರವಾಡದಲ್ಲಿ ನನಗೆ ಪರಿಚಿತರಾದ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಮಡಿದ ಜೊತೆಗಾರನ ಟ್ರಂಕನ್ನು ತೆರೆದು ಒಳಗಿನ ವಸ್ತುಗಳ ಪಟ್ಟಿ ಮಾಡುವ ಕೆಲಸ ಒಮ್ಮೆ ಅವರಿಗೆ ಬಂದಿತ್ತು. ಬಾಚಣಿಕೆ, ಪಾಸ್‌ಬುಕ್ಕು, ತಾಯಿಯ ಹೆಸರಿಗೆ ಅರ್ಧ ತುಂಬಿಸಿದ ಮನಿಯಾರ್ಡರ್ ಫಾರಂ. ಆ ಪಟ್ಟಿಗೆ ಸಹಿ ಹಾಕಿದವರು ಇಂದಿಗೂ ಮನೆಯಲ್ಲಿ ಟ್ರಂಕು ಇಟ್ಟುಕೊಂಡಿಲ್ಲ. ಗಣೇಶನ ಹಬ್ಬದಲ್ಲಿ ಪಟಾಕಿ ಶುರುವಾದರೆ ಹೊಲದ ಮನೆಗೆ ಹೋಗಿಬಿಡುತ್ತಾರೆ. ವೈದ್ಯರನ್ನು ಕಾಣಿರಿ ಎಂದರೆ, ‘ಸರ್, ಊರಾಗ ಏನಂತಾರ?’ ಎನ್ನುತ್ತಾರೆ. ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬುದನ್ನು ಬೈಗುಳ ಮಾಡಿಕೊಂಡ ನಾಡು ನಮ್ಮದು. ಅದೇ ಊರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇಂಥ ನೋವನ್ನು ಬಲ್ಲ ವೈದ್ಯರಿದ್ದೂ ಅಲ್ಲಿಯ ಮೆಟ್ಟಿಲು ಹತ್ತಲು ನಾಚುವಂತೆ ಮಾಡಿದವರು ನಾವೇ ಅಲ್ಲವೇ?

ಪರಂಪರೆಯ ಮಾತೆತ್ತಿದ್ದೀರಿ. ಯುದ್ಧವನ್ನು ಅಷ್ಟು ಬಿರುಸಾಗಿ ಹಾಡಿದ ರನ್ನನೇ ತನ್ನ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ತಮ್ಮನ ಮುಂದೆ, ಕರ್ಣನ ಮುಂದೆ ಅಳಿಸುತ್ತಾನೆ. ಅದರಿಂದ ಅವನ ವೀರ ಸಣ್ಣವನಾಗಲಿಲ್ಲ. ಹಾವೇರಿ ಜಿಲ್ಲೆಯ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳನ್ನೂ ನೋಡಿರಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಬದುಕಿ ಮನೆಗೆ ಬಂದವನ ಪಾಡಿಗೆ ಅಲ್ಲಿ ಪಟ್ಟಿಕೆಯಿಲ್ಲ. ಆ ಕೊರತೆಯನ್ನು ನಾವಿನ್ನೂ ಮುಂದುವರಿಸುತ್ತಿದ್ದೇವೆ. ಕಣ್ಣೀರನ್ನು ಹೇಡಿತನವೆಂದು ಕರೆದದ್ದರ ಫಲವನ್ನು ಬ್ರಿಟನ್ ಕಂಡಿದೆ. ಮೊದಲ ಮಹಾಯುದ್ಧದಲ್ಲಿ ಹೇಡಿತನ, ಪಲಾಯನ ಮುಂತಾದ ಆರೋಪ ಹೊರಿಸಿ ತಾನೇ ಗುಂಡಿಟ್ಟು ಕೊಂದ 306 ಸೈನಿಕರಿಗೆ ಅದು ಕ್ಷಮೆ ನೀಡಿದ್ದು 2006ರಲ್ಲಿ. ಅವರಲ್ಲಿ ಹಲವರು ತೋಪಿನ ಸದ್ದಿಗೆ ಮನಸ್ಸು ಕುಸಿದವರಾಗಿದ್ದರು.

ನಾವೇನು ಮಾಡುತ್ತೇವೆ? ಆಗಸ್ಟ್ 15ಕ್ಕೆ ಶಾಲು ಹೊದಿಸಿ, ಫೋಟೊ ತೆಗೆದು, 16ಕ್ಕೆ ಅದೇ ಮನುಷ್ಯನನ್ನು ಒಂದು ದಾಖಲೆಗಾಗಿ ಕಚೇರಿಯ ಬಾಗಿಲಲ್ಲಿ ನಿಲ್ಲಿಸುತ್ತೇವೆ. ದೂರದರ್ಶನದ ಪರದೆಯಲ್ಲಿ ಯುದ್ಧ ಬೇಕೆಂದು ಕೂಗುವವರ ಮನೆಯಿಂದ ಒಬ್ಬನೂ ಗಡಿಗೆ ಹೋಗಿರುವುದಿಲ್ಲ. ಹೋದವನು ಹಳ್ಳಿಯ ಒಕ್ಕಲು ಮನೆಯ ಹುಡುಗ; ಮರಳಿ ಬಂದು ಹುಬ್ಬಳ್ಳಿಯ ಯಾವುದೋ ಎಟಿಎಂ ಮುಂದೆ ರಾತ್ರಿ ಪಾಳಿ ಮಾಡುತ್ತಾನೆ. ಭರ್ತಿಗೆ ಹೋಗುವ ಹುಡುಗರು ಹಿಂಜರಿಯುವುದಾದರೆ ಇದನ್ನು ಕಂಡು ಹಿಂಜರಿದಾರು, ನಮ್ಮ ಲೇಖನ ಓದಿ ಅಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ನಿಮ್ಮ ಓಣಿಯಲ್ಲೇ ಮೂವರು ಮಾಜಿ ಸೈನಿಕರಿದ್ದಾರೆಂದು ಬರೆದಿದ್ದೀರಿ. ಅವರ ಬಳಿ ಹೋಗಿ ಕೂಡಿರಿ, ಶೌರ್ಯದ ಪ್ರಶ್ನೆ ಕೇಳುವ ಮೊದಲು ನಿದ್ರೆಯ ಬಗ್ಗೆ ಕೇಳಿರಿ. ಅವರು ಒಪ್ಪಿದರೆ ಅವರ ಮಾತನ್ನೇ ಬರೆದು ಕಳಿಸಿರಿ. ಹೆಸರು ಬೇಡವೆಂದರೆ ಹೆಸರಿಲ್ಲದೆ ಪ್ರಕಟಿಸುತ್ತೇವೆ.

— ಸಂಪಾದಕ