ಓದುವ ಫಂಕ್ಷನ್‌ಗೆ ಮಾತ್ರ ಲೈಫ್‌ಟೈಮ್ ದೋಷವೇಕೆ?

ಪ್ರಶ್ನೆ: ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ದತ್ತಾಂಶದ ರೂಪ ಬದಲಿಸುವ ಸರ್ಡೀ ಲೈಬ್ರರಿ ಬಳಸಿ, ಯಾವುದೇ ಸ್ಟ್ರಕ್ಟನ್ನು (ಹಲವು ಫೀಲ್ಡ್‌ಗಳ ಗುಂಪನ್ನು) ಜೇಸನ್ ಎಂಬ ಪಠ್ಯ ಸ್ವರೂಪದ ಫೈಲಿಗೆ ಬರೆಯುವ ಜೆನೆರಿಕ್ (ಹಲವು ಟೈಪ್‌ಗಳಿಗೆ ಹೊಂದುವ) ಫಂಕ್ಷನ್ ರಚಿಸಿದ್ದೇನೆ. ಅದು ಸರಿಯಾಗಿದೆ. ಆದರೆ ಫೈಲನ್ನು ಸ್ಟ್ರಿಂಗ್ ಆಗಿ ಓದಿ ಸ್ಟ್ರಕ್ಟನ್ನು ಹಿಂದಿರುಗಿಸುವ ಫಂಕ್ಷನ್‌ನಲ್ಲಿ ಲೈಫ್‌ಟೈಮ್ ದೋಷ, ಅಂದರೆ ಒಂದು ಉಲ್ಲೇಖ ಎಷ್ಟು ಕಾಲ ಮಾನ್ಯ ಎಂಬುದರ ಬಗೆಗಿನ ದೋಷ, ಬರುತ್ತದೆ. ಕಾರಣವೇನು?

ಉತ್ತರ: ಬರೆಯುವಾಗ ವಸ್ತುವನ್ನು ನೋಡಿದರೆ ಸಾಕು, ಆದ್ದರಿಂದ ಟೈಪ್‌ಗೆ ‘ಸೀರಿಯಲೈಸ್’ ಎಂಬ ಟ್ರೇಟ್‌ನ (ಟೈಪ್‌ಗೆ ಇರಬೇಕಾದ ಸಾಮರ್ಥ್ಯದ ವಿವರಣೆಯ) ನಿರ್ಬಂಧವೊಂದೇ ಸಾಲುತ್ತದೆ. ಓದುವ ಕೆಲಸ ಹಾಗಲ್ಲ. ಸರ್ಡೀ ಲೈಬ್ರರಿಯು ಪಠ್ಯವನ್ನು ನಕಲು ಮಾಡದೆ, ಸ್ಟ್ರಕ್ಟ್‌ನ ಫೀಲ್ಡ್‌ಗಳು ಮೂಲ ಸ್ಟ್ರಿಂಗ್‌ನ ಭಾಗಗಳನ್ನೇ ನೇರವಾಗಿ ಉಲ್ಲೇಖಿಸಲು ಅವಕಾಶ ಕೊಡುತ್ತದೆ, ಮತ್ತು ‘ಡೀಸೀರಿಯಲೈಸ್’ ಟ್ರೇಟ್‌ನಲ್ಲಿರುವ ಲೈಫ್‌ಟೈಮ್ ಆ ಸಾಲದ, ಅಂದರೆ ನಕಲಿಲ್ಲದ ಉಲ್ಲೇಖದ, ಅವಧಿಯನ್ನೇ ಸೂಚಿಸುತ್ತದೆ. ನಿಮ್ಮ ಸ್ಟ್ರಿಂಗ್ ಫಂಕ್ಷನ್‌ನ ಒಳಗೇ ಹುಟ್ಟಿ, ಅದು ಮುಗಿದೊಡನೆ ಅಳಿದುಹೋಗುವುದರಿಂದ, ಹಿಂದಿರುಗುವ ಸ್ಟ್ರಕ್ಟ್ ಅಳಿದ ಮೆಮೊರಿಯನ್ನು ಉಲ್ಲೇಖಿಸಬಹುದೆಂದು ಕಂಪೈಲರ್ ತಡೆಯುತ್ತದೆ. ಇಂತಹ ತಪ್ಪನ್ನು ಪ್ರೋಗ್ರಾಮ್ ಓಡುವ ಮೊದಲೇ ಹಿಡಿಯುವುದು ಈ ಭಾಷೆಯ ಅತ್ಯಂತ ದೊಡ್ಡ ಉಪಕಾರವೆಂದು ನಾನು ಭಾವಿಸುತ್ತೇನೆ.

ಪರಿಹಾರ ಸರಳ: ನಿರ್ಬಂಧವನ್ನು ‘ಡೀಸೀರಿಯಲೈಸ್‌ಓನ್ಡ್’ ಎಂದು ಬದಲಿಸಿ. ಆಗ ಇನ್‌ಪುಟ್‌ನಿಂದ ಏನನ್ನೂ ಸಾಲ ಪಡೆಯದ ಟೈಪ್‌ಗಳಿಗೆ ಮಾತ್ರ ಪ್ರವೇಶವಿರುತ್ತದೆ. ಸ್ಟ್ರಿಂಗ್ ಸ್ಲೈಸ್ (ಬೇರೆಡೆ ಇರುವ ಪಠ್ಯದ ಉಲ್ಲೇಖ) ಇರುವ ಫೀಲ್ಡ್‌ಗಳನ್ನು, ಪಠ್ಯವನ್ನು ತಾನೇ ಹೊಂದಿರುವ ‘ಸ್ಟ್ರಿಂಗ್’ ಟೈಪ್‌ಗೆ ಬದಲಿಸಬೇಕಾಗುತ್ತದೆ. ದೊಡ್ಡ ಫೈಲ್‌ಗಳಲ್ಲಿ ನಕಲಿನ ವೆಚ್ಚವನ್ನು ತಪ್ಪಿಸಬೇಕಿದ್ದರೆ, ಫೈಲನ್ನು ಓದುವ ಹೊಣೆಯನ್ನು ಫಂಕ್ಷನ್ ಕರೆಯುವವರಿಗೇ ಬಿಟ್ಟು, ಸ್ಟ್ರಿಂಗ್‌ನ ರೆಫರೆನ್ಸನ್ನು ಮಾತ್ರ ಸ್ವೀಕರಿಸಿ. ಅಲ್ಲಿ ‘ಡೀಸೀರಿಯಲೈಸ್’ ಟ್ರೇಟೇ ಸರಿಹೊಂದುತ್ತದೆ.