ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಿಂದ ಕಟ್ ಆಗಿದೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಲೇ?

10,000 ರೂಪಾಯಿ ಕಟ್ ಆಗಿ ಎರಡು ವಾರವಾಯಿತು, ಎಟಿಎಂ ಇಟ್ಟಿರುವ ಬ್ಯಾಂಕಿನ ಶಾಖೆಗೆ ಅಲೆದು ಸಾಕಾಗಿದೆ ಎಂದಿದ್ದೀರಿ. ಆ ಅಲೆದಾಟ ನಾನೂ ಪಟ್ಟವನು. ನ್ಯಾಯಾಲಯದ ಮಾತು ಈಗ ಬೇಡ, ಮೊದಲು ಹೋಗುತ್ತಿರುವ ಬಾಗಿಲು ಬದಲಿಸಿ.

ಎಟಿಎಂ ಯಾರದ್ದೇ ಇರಲಿ, ದೂರು ಕೊಡಬೇಕಾದದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಎಟಿಎಂ ಬ್ಯಾಂಕಿಗೆ ನೀವು ಗ್ರಾಹಕರೇ ಅಲ್ಲ. ಅಲ್ಲಿನ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಬೇರೆ ಬ್ಯಾಂಕಿನಲ್ಲಿರುವ ನಿಮ್ಮ ಖಾತೆಗೆ ಹಣ ಹಾಕಲಾರರು. ಕಟ್ ಮಾಡಿದ್ದು ನಿಮ್ಮ ಬ್ಯಾಂಕು. ಹಣ ತಾನಾಗಿ ವಾಪಸ್ ಬಾರದಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಎಟಿಎಂ ಬ್ಯಾಂಕಿನಿಂದ ಹಣ ವಾಪಸ್ ಕೇಳುವ ಬೇಡಿಕೆ, ಹಾಕಬೇಕಾದದ್ದೂ ಅದೇ. ಆಗ ಎಟಿಎಂ ಬ್ಯಾಂಕು ಒಂದೋ ಹಣ ಬಿಡಬೇಕು, ಇಲ್ಲವೇ ನೋಟು ಹೊರಬಂದಿತ್ತೆಂದು ದಾಖಲೆ ಕೊಡಬೇಕು. ತಪ್ಪು ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ದೂರಿನ ಲೆಕ್ಕಕ್ಕೇ ಬರುವುದಿಲ್ಲ. ಇಷ್ಟು ದಿನ ಕಳೆದರೂ ಏನೂ ಕದಲದಿರುವುದು ಬಹುಶಃ ಇದರಿಂದಲೇ.

ಇವತ್ತೇ ನಿಮ್ಮ ಬ್ಯಾಂಕಿನ ಆ್ಯಪ್ ಅಥವಾ ಇಮೇಲ್ ಮೂಲಕ ಬರಹದಲ್ಲಿ ದೂರು ಕೊಡಿ. ದಿನಾಂಕ, ಸಮಯ, ಮೊತ್ತ, ಸ್ಲಿಪ್ಪಿನಲ್ಲಿರುವ ಎಟಿಎಂ ಐಡಿ ಮತ್ತು ವ್ಯವಹಾರದ ಸಂಖ್ಯೆ ಬರೆಯಿರಿ. ಸ್ಲಿಪ್ ಇಲ್ಲದಿದ್ದರೆ ಎಸ್‌ಎಂಎಸ್ ಸಾಕು. ಪಿನ್ ಮಾತ್ರ ಯಾರಿಗೂ ಹೇಳಬೇಡಿ. ದೂರು ಸಂಖ್ಯೆ ಕೈಗೆ ಬರುವವರೆಗೆ ಬಿಡಬೇಡಿ.

ಆರ್‌ಬಿಐ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಹೇಳಿರುವಂತೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ಮರಳಬೇಕು. ರಜೆ, ಭಾನುವಾರವೂ ಲೆಕ್ಕಕ್ಕೆ ಸೇರುತ್ತವೆ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ನೀವು ಕೇಳದಿದ್ದರೂ ಬ್ಯಾಂಕು ಜಮೆ ಮಾಡಬೇಕು. ಮಾಡದಿದ್ದರೆ ಈ ಸುತ್ತೋಲೆಯ ದಿನಾಂಕ ನಮೂದಿಸಿ ದೂರಿನಲ್ಲೇ ಕೇಳಿ. ಅದು ನಿಮ್ಮ ಹಕ್ಕಿನ ಹಣ.

‘ವ್ಯವಹಾರ ಯಶಸ್ವಿಯಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂದರೆ ಒಪ್ಪಬೇಡಿ. ಯಂತ್ರದ ಇಜೆ ಲಾಗ್ (ಪ್ರತಿ ವ್ಯವಹಾರವನ್ನೂ ಯಂತ್ರವೇ ಬರೆದಿಡುವ ದಾಖಲೆ), ಆ ದಿನಗಳ ನಗದು ತಾಳೆ ವರದಿ (ಯಂತ್ರದಲ್ಲಿರುವ ನಗದನ್ನು ಎಣಿಸಿ ಲೆಕ್ಕದೊಂದಿಗೆ ಹೋಲಿಸಿದ್ದು), ಸಿಸಿಟಿವಿ ದೃಶ್ಯ, ಮೂರನ್ನೂ ಪರಿಶೀಲಿಸಿ ಎಂದು ಬರೆಯಿರಿ. ನೋಟು ಒಳಗೇ ಸಿಕ್ಕಿಕೊಂಡಿದ್ದರೆ ಎಣಿಸುವಾಗ ಹೆಚ್ಚುವರಿ ನಗದು ಕಾಣಬೇಕು. ನನ್ನ ಪ್ರಕಾರ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಸಿಸಿಟಿವಿ ದೃಶ್ಯ ಸದಾ ಉಳಿಯುವುದಿಲ್ಲ, ಹಾಗಾಗಿ ಕಾದಿರಿಸಲು ಮೊದಲ ದೂರಿನಲ್ಲೇ ಕೇಳಿ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಅದಕ್ಕೂ ಮೊದಲೇ ತಿರಸ್ಕರಿಸಿದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ಆರ್‌ಬಿಐನ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ದೂರು ಸಲ್ಲಿಸಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀವು ಮೊದಲೇ ನ್ಯಾಯಾಲಯಕ್ಕೆ ಹೋಗಿ ಪ್ರಕರಣ ಅಲ್ಲಿ ಬಾಕಿಯಿದ್ದರೆ ಒಂಬುಡ್ಸ್‌ಮನ್ ಅದೇ ದೂರನ್ನು ತೆಗೆದುಕೊಳ್ಳುವುದಿಲ್ಲ. ಆರಂಭದಲ್ಲೇ ಬೇಡ ಎಂದದ್ದು ಅದಕ್ಕೇ.