ಆ ಕ್ಯೂನಲ್ಲಿ ನಿಂತಿದ್ದ ಐದು ನಿಮಿಷ ಸಾಕು ನಂಗೆ

ನೀವು ಕೇಳಿರೋದು ಇಷ್ಟು: ವಯಸ್ಸು 26, ಎಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡ್ದು ಓದು ಅಲ್ಲಿಗೇ ಬಿಟ್ಟೆ, ರಾತ್ರಿ ಮಲಗೋವಾಗ ಸ್ಕೂಲ್ ಲೈಫ್ ಇನ್ನೊಂದ್ಸಲ ಸಿಕ್ಕಿದ್ರೆ ಅಂತ ದಿನಾ ಅನ್ಸುತ್ತೆ, ನಿಮ್ಗೂ ಹಂಗೆ ಅನ್ಸುತ್ತಾ, ಸಿಕ್ಕಿದ್ರೆ ಏನ್ ಬದಲಾಯಿಸ್ತೀರಾ.

ಅನ್ಸುತ್ತೆ. ನಂಗೀಗ 43, ಹಾಸನದಲ್ಲಿ ವೈರಿಂಗ್ ಕಾಂಟ್ರಾಕ್ಟ್ ಮಾಡ್ಕೊಂಡಿದೀನಿ, ಈ ವಯಸ್ಸಲ್ಲೂ ಅನ್ಸುತ್ತೆ. ಆದ್ರೆ ಹತ್ತು ವರ್ಷ ಪೂರ್ತಿ ವಾಪಸ್ ಕೊಡ್ತೀನಿ ಅಂದ್ರೆ ನಾನಂತೂ ಒಲ್ಲೆ. ಆ ಮಳೇಲಿ ಗೋಣಿಚೀಲದ ಕೊಪ್ಪೆ ಹಾಕ್ಕೊಂಡು ಮೂರು ಮೈಲಿ ನಡೆಯೋದು, ಮೇಷ್ಟ್ರು ಬೆತ್ತ, ಮನೆಪಾಠ ಬರ್ದಿಲ್ಲ ಅಂತ ಬಾಗ್ಲಲ್ಲಿ ನಿಲ್ಲೋದು, ಇದನ್ನೆಲ್ಲ ಯಾರು ಮತ್ತೆ ಮಾಡ್ತಾರೆ ಹೇಳಿ. ನಂಗೆ ಬೇಕಾಗಿರೋದು ಏಳನೇ ಕ್ಲಾಸಲ್ಲಿ ಒಂದ್ ಮಧ್ಯಾಹ್ನ, ಅದ್ರಲ್ಲೂ ಒಂದೈದು ನಿಮಿಷ.

ಅದನ್ನ ಹೇಳೋಕ್ ಮುಂಚೆ ಸ್ವಲ್ಪ ಹಿಂದಿಂದು ಹೇಳ್ಬೇಕು. ನಮ್ದು ಹಾಸನ ತಾಲೂಕಿನ ಒಂದು ಹಳ್ಳಿ, ಆಲೂಗೆಡ್ಡೆ ಬೆಳೆಯೋರು. ಈ ಕಡೆಯೋರಿಗೆ ಗೊತ್ತಿರುತ್ತೆ, ಮೇ ತಿಂಗಳು ಬಂತು ಅಂದ್ರೆ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಲಾರಿ ಲಾರಿ ಬಂದಿಳಿಯುತ್ತೆ, ಮಳೆ ನೋಡ್ಕೊಂಡು ಬಿತ್ತನೆ. ಸ್ಕೂಲು ಶುರುವಾಗೋದೂ ಅದೇ ಹೊತ್ತಿಗೆ. ನಮ್ಮನೇಲಿ ನಾನಿಲ್ದೆ ಬಿತ್ತನೆ ನಡೀತಿರ್ಲಿಲ್ಲ, ಯಾಕಂದ್ರೆ ಗೆಡ್ಡೆ ಕೊಯ್ಯೋದ್ರಲ್ಲಿ ನಾನು ಎತ್ತಿದ ಕೈ. ದೊಡ್ಡ ಗೆಡ್ಡೆನ ಹೋಳು ಮಾಡೋವಾಗ ಪ್ರತಿ ಹೋಳಲ್ಲೂ ಕಣ್ಣು ಉಳೀಬೇಕು, ಕಣ್ಣಿಲ್ಲದ ಹೋಳು ಮಣ್ಣಿಗೆ ಹಾಕಿದ್ರೆ ಅಲ್ಲೇ ಕೊಳೀತದೆ ಅಷ್ಟೇ. ನಾನು ಗೆಡ್ಡೆನ ಮುಖದ ಹತ್ರ ಹಿಡ್ಕೊಂಡು ಸಾಸಿವೆ ಕಾಳಷ್ಟು ಕಣ್ಣಿದ್ರೂ ಬಿಡ್ತಿರ್ಲಿಲ್ಲ. ಅಜ್ಜಿಗೆ ಸೂಜಿ ಪೋಣಿಸ್ಕೊಡೋದು ನಾನೇ, ಅಕ್ಕಿಲಿ ಕಲ್ಲು ಆರಿಸೋದು ನಾನೇ, ಕಾಲಿಗೆ ಮುಳ್ಳು ಚುಚ್ಚಿದ್ರೆ ಅಕ್ಕಪಕ್ಕದ ಮನೆಯೋರೂ ನನ್ನನ್ನೇ ಕರೀತಿದ್ರು. 'ನನ್ ಮಗಂದು ಹದ್ದಿನ ಕಣ್ಣು' ಅಂತ ನಮ್ಮವ್ವ ಬಂದೋರ ಮುಂದೆಲ್ಲ ಹೇಳೋಳು.

ಈಗ ಕೇಳಿ. ಆ ಹದ್ದಿನ ಕಣ್ಣಿಗೆ ಬೋರ್ಡ್ ಮೇಲಿನ ಒಂದಕ್ಷರ ಕಾಣ್ತಿರ್ಲಿಲ್ಲ.

ಬಿತ್ತನೆ ಮುಗ್ಸಿ ಎರಡು ವಾರ ಲೇಟಾಗಿ ಸ್ಕೂಲಿಗೆ ಹೋದ್ರೆ ಸಿಗೋದು ಕಡೇ ಬೆಂಚು. ಮೇಲಾಗಿ ನಾನು ಉದ್ದ, ಮುಂದೆ ಕೂತ್ರೆ ಹಿಂದಿನೋರಿಗೆ ಅಡ್ಡ ಆಗುತ್ತೆ ಅಂತ ಹೆಂಗೂ ಹಿಂದಕ್ಕೆ ಹಾಕೋರು. ವರ್ಷಕ್ಕೊಂದ್ಸಲ ನಾವೇ ಇದ್ದಲು, ಗರಗದ ಸೊಪ್ಪು ಅರೆದು ಬೋರ್ಡಿಗೆ ಬಳೀತಿದ್ವಿ, ಬಳಿಯೋವಾಗ ಹತ್ರದಿಂದ ನೋಡಿದ್ರೆ ಎಷ್ಟ್ ಚೆನ್ನಾಗ್ ಕಾಣೋದು, ವಾಪಸ್ ಬಂದು ಬೆಂಚಲ್ಲಿ ಕೂತ್ರೆ ಅದೇ ಬೋರ್ಡು ಕಪ್ಪು ಹೊಲದಲ್ಲಿ ಬೂದಿ ಚೆಲ್ಲಿದಂಗೆ. ನಾನು ಅಂದ್ಕೊಂಡಿದ್ದು ಏನಂದ್ರೆ ಎಲ್ರಿಗೂ ಹಂಗೇ ಕಾಣೋದು, ಉಳಿದೋರು ಬುದ್ಧಿವಂತ್ರು, ಆ ಬೂದೀಲೇ ಊಹೆ ಮಾಡ್ಕೊಂಡು ಓದ್ತಾರೆ, ನಂಗೆ ಆ ಬುದ್ಧಿ ಇಲ್ಲ ಅಂತ. ನಗ್ಬೇಡಿ, ಹುಟ್ಟಿದಾಗಿಂದ ಒಂದೇ ಥರ ಕಾಣೋನಿಗೆ ಬೇರೆಯೋರ ಕಣ್ಣಲ್ಲಿ ಹೆಂಗ್ ಕಾಣುತ್ತೆ ಅಂತ ಗೊತ್ತಾಗೋದಾದ್ರೂ ಹೆಂಗೆ. ಅದೂ ಒಂದೇ ದಿನಕ್ಕೆ ಮಸುಕಾಗೋದಲ್ಲ ಇದು, ಸಮೀಪದೃಷ್ಟಿ ಅಂತಾರಲ್ಲ, ಹೈಸ್ಕೂಲ್ ವಯಸ್ಸಿನ ತನಕ ವರ್ಷ ವರ್ಷ ಚೂರ್ ಚೂರೇ ಏರ್ತಾ ಹೋಗುತ್ತೆ, ಹತ್ರದ್ದು ಮಾತ್ರ ಕನ್ನಡಿ ಥರ ಕಾಣ್ತಾ ಇರುತ್ತೆ, ಹಂಗಾಗಿ ಮನೆಯೋರಿಗೂ ಡೌಟ್ ಬರಲ್ಲ.

ಮಾರ್ಕ್ಸ್ ಕಾರ್ಡ್ ತೆಗ್ದು ನೋಡಿದ್ರೆ ಈಗ ಎಲ್ಲಾ ಅರ್ಥ ಆಗುತ್ತೆ. 1998ರ ಎಸ್ಸೆಲ್ಸಿ. ಕನ್ನಡ 125ಕ್ಕೆ 94, ಸಮಾಜ 71. ಗಣಿತ 19, ಇಂಗ್ಲಿಷ್ ಅಂಚಲ್ಲಿ ಪಾಸು. ಕನ್ನಡ ಮೇಷ್ಟ್ರು ಪದ್ಯನ ರಾಗವಾಗಿ ಓದೋರು, ಸಮಾಜದೋರು ಕಥೆ ಹೇಳ್ದಂಗೆ ಹೇಳೋರು, ಒಂದ್ಸಲ ಕೇಳಿದ್ರೆ ಸಾಕು ನಂಗೆ ತಲೇಲಿ ಕೂತ್ಬಿಡೋದು. ನಾನು ಕಿವೀಲಿ ಓದ್ತಿದ್ದೆ. ಗಣಿತದೋರು ಬೋರ್ಡ್ ಕಡೆ ತಿರುಗಿ 'ಇದನ್ನ ಇಲ್ಲಿಗ್ ತಂದ್ವಿ, ಇದು ಇದಕ್ಕೆ ಹೋಯ್ತು, ಏನ್ ಉಳೀತು?' ಅನ್ನೋರು. ಯಾವುದು ಎಲ್ಲಿಗೆ ಹೋಯ್ತು ಅಂತ ನಂಗೇನ್ ಗೊತ್ತು. ಪಕ್ಕದೋನು ಪಿಸುಪಿಸು ಅಂತ ಓದಿ ಹೇಳೋನು, ಮಾತಾಡ್ತಾನೆ ಅಂತ ಅವ್ನಿಗೂ ಏಟು ಬಿದ್ದು ಬೇರೆ ಬೆಂಚಿಗೆ ಹೋದ. ಆಮೇಲೆ ನಾನು 3ನ 8 ಅಂತ ಇಳಿಸ್ಕೊಳ್ಳೋದು, ಮೈನಸ್ ಗುರುತೇ ಬಿಟ್ಬಿಡೋದು. 'ನೋಡಿ ಬರೆಯೋಕೂ ಬರಲ್ವಲ್ಲೋ ನಿಂಗೆ' ಅಂತ ಒಂದಿನ ಆ ಮೇಷ್ಟ್ರು ಕೇಳಿದ್ದು ಇನ್ನೂ ಕಿವೀಲಿದೆ, ಪಾಪ ಅವ್ರು ಕೇಳಿದ್ದು ಸರಿಯಾಗೇ ಇತ್ತು, ನೋಡಿ ಬರೆಯೋಕೆ ನಿಜವಾಗ್ಲೂ ಬರ್ತಿರ್ಲಿಲ್ಲ.

ಈಗ ಆ ಮಧ್ಯಾಹ್ನಕ್ಕೆ ಬರ್ತೀನಿ. ಏಳನೇ ಕ್ಲಾಸು, ಆಸ್ಪತ್ರೆಯಿಂದ ಇಬ್ರು ಬಂದಿದ್ರು ಕಣ್ ಟೆಸ್ಟ್ ಮಾಡೋಕೆ. ಜಗುಲಿ ಕಂಬಕ್ಕೆ ಕನ್ನಡ ಅಕ್ಷರದ ಚಾರ್ಟ್ ನೇತಾಕಿದ್ರು, ಮೇಲೆ ದೊಡ್ಡಕ್ಷರ, ಕೆಳಕ್ಕೆ ಹೋಗ್ತಾ ಹೋಗ್ತಾ ಸಣ್ಣ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ, ಅಲ್ಲಿ ನಿಂತು ಒಂದೊಂದೇ ಕಣ್ ಮುಚ್ಚಿ ಓದ್ಬೇಕು. ನಾವೆಲ್ಲ ಆ ಗೆರೆ ಹಿಂದೇನೇ ಕ್ಯೂ. ನನ್ ಮುಂದೆ ಒಂದಿಪ್ಪತ್ತು ಜನ ಇದ್ರು, ಎಲ್ರೂ ಮಗ್ಗಿ ಒಪ್ಪಿಸ್ದಂಗೆ ಜೋರಾಗಿ ಓದೋರು, ಬಲಗಣ್ಣಿಗೊಂದ್ಸಲ ಎಡಗಣ್ಣಿಗೊಂದ್ಸಲ. ಕಿವೀಲಿ ಓದೋನಿಗೆ ಇನ್ನೇನ್ ಬೇಕು? ನನ್ ಸರದಿ ಬರೋ ಹೊತ್ತಿಗೆ ಪೂರ್ತಿ ಚಾರ್ಟ್ ಬಾಯಿಪಾಠ.

ಆದ್ರೆ ಇದು ಗೊತ್ತಾಗ್ದೆ ಆಗಿದ್ದಲ್ಲ, ಅದೇ ಸಂಕಟ. ನಂಗಿಂತ ನಾಲ್ಕೈದು ಜನ ಮುಂದೆ ಒಬ್ಳು ಹುಡುಗಿ ಇದ್ಲು. ಅವಳು ಮೂರನೇ ಸಾಲಿಗೆ ಬಂದು ನಿಂತ್ಳು, ಆಮೇಲೆ 'ಕಾಣ್ತಿಲ್ಲ' ಅಂದ್ಳು. ಹಿಂದಿನೋರೆಲ್ಲ ಗೊಳ್ ಅಂತ ನಕ್ಕಿದ್ದು. ನಾನೂ ನಕ್ಕೆ. ನಂಗೆ ಅವ್ಳು ಓದಿದ ಎರಡನೇ ಸಾಲೂ ಕಾಣ್ತಿರ್ಲಿಲ್ಲ, ಆದ್ರೂ ನಕ್ಕೆ. ನನ್ ಸರದಿ ಬಂತು, ಕಣ್ ಮುಚ್ಕೊಂಡು ಗಡಗಡ ಒಪ್ಪಿಸ್ದೆ, ಎಲ್ಲಿ ಜಾಸ್ತಿ ಫಾಸ್ಟಾಗಿ ಹೇಳಿದ್ರೆ ಸಿಕ್ಕಾಕ್ಕೋತೀನೋ ಅಂತ ಕಡೇ ಸಾಲಲ್ಲಿ ಬೇಕಂತಲೇ ಸ್ವಲ್ಪ ತಡವರಿಸ್ದೆ ಬೇರೆ. 'ಗುಡ್' ಅಂದ್ರು. ಇಡೀ ಸ್ಕೂಲ್ ಲೈಫಲ್ಲಿ ನಾನು ನೂರಕ್ಕೆ ನೂರು ತಗೊಂಡಿದ್ದು ಅದೊಂದೇ ಪರೀಕ್ಷೆ, ಅದೂ ಕಾಪಿ ಹೊಡ್ದು.

ಆ ಹುಡುಗಿಗೆ ಕನ್ನಡಕ ಬಂತು. ಎಸ್ಸೆಲ್ಸಿ ಮುಗಿಯೋ ತನಕ ಅವಳ ಹೆಸ್ರು ಸೋಡಾಬುಡ್ಡಿ. ಕರೆದೋರಲ್ಲಿ ನಾನೂ ಇದ್ದೆ. ಅವಳು ಫಸ್ಟ್ ಕ್ಲಾಸಲ್ಲಿ ಪಾಸಾಗಿ ಹಾಸನಕ್ಕೆ ಪಿಯುಸಿಗೆ ಹೋದ್ಲು, ನಾನು ಸಪ್ಲಿಮೆಂಟರಿ ಎರಡ್ ಸಲ ಕಟ್ಟಿ ಎರಡ್ ಸಲನೂ ಹೋಗಿ, ಗೆಡ್ಡೆ ಮೂಟೆ ಹೊತ್ಕೊಂಡು, ಬಿಡುವಲ್ಲಿ ವೈರಿಂಗ್ ಮೇಸ್ತ್ರಿ ಹಿಂದೆ ಹೆಲ್ಪರ್ ಆಗಿ ಸುತ್ತಿದೆ.

ಗೊತ್ತಾಗಿದ್ದು 2002ರಲ್ಲಿ, ಅದೂ ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ. ಫಾರಂ 1 ಅಂತ ಒಂದಿದೆ, ಆರೋಗ್ಯದ ಬಗ್ಗೆ ನಾವೇ ಬರ್ದು ಸಹಿ ಹಾಕೋದು, ಅದ್ರಲ್ಲಿ 25 ಮೀಟರ್ ದೂರದಲ್ಲಿರೋ ಕಾರಿನ ನಂಬರ್ ಪ್ಲೇಟನ್ನ ಹಗಲು ಬೆಳಕಲ್ಲಿ ಓದೋಕಾಗುತ್ತಾ ಅಂತ ಒಂದು ಪ್ರಶ್ನೆ. ಎಲ್ರೂ 'ಹೌದು' ಅಂತ ಗೀಚಿ ಮುಂದಕ್ ಹೋಗ್ತಾರೆ. ಫಾರಂ ತುಂಬ್ತಿದ್ದ ಡ್ರೈವಿಂಗ್ ಸ್ಕೂಲಿನ ಅಣ್ಣ ಸುಮ್ನೆ ತಮಾಷೆಗೆ ರೋಡಿನ ಆ ಕಡೆ ನಿಂತಿದ್ದ ಅಂಬಾಸಿಡರ್ ತೋರ್ಸಿ 'ಓದು ನೋಡನ' ಅಂದ್ರು. ನಾನು 'ಅಷ್ಟ್ ದೂರದಿಂದ ಯಾರಿಗಣ್ಣ ಕಾಣುತ್ತೆ' ಅಂದೆ. ಅವ್ರು ತಲೆ ಎತ್ತಿ ನನ್ ಮುಖ ನೋಡಿದ್ರು. 'ಕೆಎ 13 ಅಂತಾದ್ರೂ ಕಾಣುತ್ತೇನೋ?' ಹಾಸನದ ಗಾಡಿ ಅಂದ್ಮೇಲೆ ಕೆಎ 13 ಇರುತ್ತೆ ಅಂತ ಗೊತ್ತಿತ್ತು, ಬಾಯ್ ತನಕ ಬಂತು, ಯಾಕೋ ಆವತ್ತು ಸುಳ್ಳು ಹೇಳೋಕಾಗ್ಲಿಲ್ಲ. 'ಪ್ಲೇಟೇ ಕಾಣ್ತಿಲ್ಲ ಅಣ್ಣ' ಅಂದೆ. ಫಾರಂ ಮಡಚಿ ಕೈಗಿಟ್ಟು ಮೊದ್ಲು ಕಣ್ಣು ತೋರಿಸ್ಕೊಂಡ್ ಬಾ ಅಂತ ಕಳ್ಸಿದ್ರು.

ಎರಡೂ ಕಣ್ಣು ಮೈನಸ್ 3.25. ಲೆಕ್ಕ ಏನಂದ್ರೆ ಒಂದನ್ನ ಆ ಪವರಿಂದ ಭಾಗಿಸಿದ್ರೆ ಎಷ್ಟು ಮೀಟರ್ ತನಕ ಸ್ಪಷ್ಟ ಕಾಣುತ್ತೆ ಅಂತ ಬರುತ್ತೆ, ನಂದು ಹೆಚ್ಚುಕಮ್ಮಿ 30 ಸೆಂಟಿಮೀಟರ್, ಅಂದ್ರೆ ಒಂದಡಿ. ಗೆಡ್ಡೆ ಕೊಯ್ಯೋಕೆ ಒಂದಡಿ ಸಾಕು, ಸೂಜಿ ಪೋಣ್ಸೋಕೂ ಸಾಕು. ಬಸ್ ಸ್ಟಾಂಡಲ್ಲಿ ಯಾವ್ದು ಅರಕಲಗೂಡು ಯಾವ್ದು ಹೊಳೆನರಸೀಪುರ ಅಂತ ಪಕ್ಕದೋರ್ನ ಕೇಳಿ ಕೇಳಿ ಓದು ಬರಹ ಬರ್ದೋನು ಅನ್ನಿಸ್ಕೊಂಡಿದ್ದೆ, ಕನ್ನಡಕ ಹಾಕ್ಕೊಂಡು ಬಂದ ದಿನ ಬೋರ್ಡ್‌ಗಳನ್ನ ಸುಮ್ನೆ ಓದ್ತಾ ಅಲ್ಲೇ ನಿಂತು ಎರಡು ಬಸ್ ಬಿಟ್ಟೆ.

ಮಾರನೇ ವಾರ ಒಬ್ನೇ ಬೇಲೂರಿಗೆ ಹೋದೆ. ಎಂಟನೇ ಕ್ಲಾಸಲ್ಲಿ ಟ್ರಿಪ್ ಕರ್ಕೊಂಡ್ ಹೋಗಿದ್ರು ಅಲ್ಲಿಗೆ. ಆವತ್ತು ನಂಗೆ ಕಂಡಿದ್ದು ಕೆಳಗಿನ ಸಾಲಿನ ಆನೆಗಳು ಮಾತ್ರ, ಅದನ್ನೂ ಬಗ್ಗಿ ನೋಡ್ತಿದ್ರೆ ಒಬ್ರು ಮೇಷ್ಟ್ರು 'ಏನ್ಲಾ, ಮೂಗಲ್ಲಿ ನೋಡ್ತಿದೀಯಾ' ಅಂದಿದ್ರು. ಮದನಿಕೆಯರು ಇರೋದು ಮೇಲೆ ಸೂರಿನ ಕೆಳಗೆ, ಗೋಡೆಗೆ ಓರೆಯಾಗಿ ಆನಿಸ್ದಂಗೆ. ಎಲ್ರೂ ಕತ್ತೆತ್ತಿ ಅಬ್ಬಾ ಅಂದ್ರು ಅಂತ ನಾನೂ ಅಬ್ಬಾ ಅಂದಿದ್ದೆ, ನಂಗೆ ಕಂಡಿದ್ದು ಜೇನುಹುಟ್ಟು ಕಟ್ಟಿದಂಗೆ ಕಪ್ಪಗೆ ಏನೋ ಅಷ್ಟೇ. ಈ ಸಲ ಅದೇ ಜಾಗದಲ್ಲಿ ನಿಂತು ನೋಡ್ತೀನಿ, ಕನ್ನಡಿ ಹಿಡ್ದಿರೋಳು, ಅದೇ ದರ್ಪಣ ಸುಂದರಿ, ಅವಳ ಬೆರಳು ಒಂದೊಂದೂ ಬೇರೆ ಬೇರೆ ಕಾಣ್ತಿದೆ. 1117ರಲ್ಲಿ ಪ್ರತಿಷ್ಠೆ ಆದ ದೇವಸ್ಥಾನ, ಎಂಟ್ನೂರು ವರ್ಷದ ಮೇಲಿಂದ ಹಂಗೇ ನಿಂತಿದಾಳೆ, ಮನೆಯಿಂದ ಒಂದು ಬಸ್ಸಿನ ದಾರಿ, ನಂಗೆ ಕಾಣೋಕೆ 19 ವರ್ಷ ಬೇಕಾಯ್ತು. ಅಳು ಬಂತು ಅಂತ ಬರೆದ್ರೆ ಚೆನ್ನಾಗಿರುತ್ತೆ, ಆದ್ರೆ ಬಂದಿದ್ದು ಸಿಟ್ಟು. ಯಾರ್ ಮೇಲೆ ಅಂತ ಯೋಚ್ನೆ ಮಾಡ್ತಾ ಮಾಡ್ತಾ ಬಂದು ನಿಂತಿದ್ದು ಆ ಕ್ಯೂ ಹತ್ರ. ಕೇಳೋಕೆ ಬಂದಿದ್ರು, ನಾನೇ ಹೇಳ್ಲಿಲ್ಲ.

ಅದಕ್ಕೇ ಹೇಳಿದ್ದು ಐದು ನಿಮಿಷ ಸಾಕು ಅಂತ. ಆ ಗೆರೆ ಮೇಲೆ ನಿಂತು ಅವಳು ಹೇಳ್ದಂಗೆ 'ಕಾಣ್ತಿಲ್ಲ' ಅನ್ಬೇಕು, ನಗೋರು ನಗ್ಲಿ. ಸೋಡಾಬುಡ್ಡಿಗಳು ಇಬ್ರಾಗಿದ್ರೆ ಅವಳಿಗೂ ಸ್ವಲ್ಪ ಹಗುರ ಆಗಿರೋದೇನೋ.

ಗಣಿತ ಏನಾಯ್ತು ಅಂದ್ರೆ, ಕನ್ನಡಕ ಬಂದ್ಮೇಲೆ ಹಾಸನದಲ್ಲಿ ಟ್ಯೂಷನ್ನಿಗೆ ಸೇರ್ಕೊಂಡೆ, ನಂಗಿಂತ ನಾಲ್ಕೈದು ವರ್ಷ ಸಣ್ಣ ಹುಡುಗ್ರ ಜೊತೆ. 58 ಬಂತು. ಮೊದಲ ದಿನ ಮೇಷ್ಟ್ರು ಸಮೀಕರಣ ಬಿಡಿಸ್ತಿದ್ರೆ ಒಂದು ಅಂಕಿ ಈ ಕಡೆಯಿಂದ ಆ ಕಡೆಗೆ ಹೋಗಿ ಪ್ಲಸ್ ಇದ್ದದ್ದು ಮೈನಸ್ ಆಗಿದ್ದು ಕಣ್ಣಾರೆ ನೋಡ್ದೆ, ಓಹೋ ಇದಾ ಅವ್ರು 'ಹೋಯ್ತು' ಅಂತಿದ್ದಿದ್ದು ಅಂತ. ಆಮೇಲೆ ಐಟಿಐ ಎಲೆಕ್ಟ್ರಿಷಿಯನ್, ಲೈಸೆನ್ಸು, ಈ ಬದುಕು.

ನಿಮ್ಮ ವಿಷಯಕ್ಕೆ ಬಂದ್ರೆ, 26 ಏನೂ ಅಲ್ಲ. ಎಸ್ಸೆಲ್ಸಿ ಪರೀಕ್ಷೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ನಡೀತಿದೆ, ಓದಿದ ಸ್ಕೂಲಿಗೆ ಹೋಗಿ ಬರೀ ಗಣಿತ ಕಟ್ಟೋಕೆ ಏನ್ ಮಾಡ್ಬೇಕು ಅಂತ ಮುಜುಗರ ಬಿಟ್ಟು ಕೇಳಿ. ಎನ್‌ಐಒಎಸ್ ಅಂತ ಕೇಂದ್ರದ ಓಪನ್ ಸ್ಕೂಲಿದೆ, ಹತ್ತನೇ ಕ್ಲಾಸಿಗೆ 14 ತುಂಬಿದ್ರೆ ಸಾಕು, ಮೇಲಕ್ಕೆ ವಯಸ್ಸಿನ ಮಿತಿನೇ ಇಲ್ಲ. ಎಲ್ರಿಗೂ ಕಣ್ಣಿನ ತೊಂದ್ರೆನೇ ಅಂತ ನಾನ್ ಹೇಳ್ತಿಲ್ಲ, ಆದ್ರೆ ನೀವು ಬರ್ದಿರೋದ್ರಲ್ಲಿ ಒಂದ್ ಮಾತು ಚುಚ್ತು, 'ಎಂಟನೇ ಕ್ಲಾಸ್ ತನಕ ಚೆನ್ನಾಗೇ ಇದ್ದೆ, ಆಮೇಲೆ ಏನಾಯ್ತೋ ಗೊತ್ತಿಲ್ಲ' ಅಂತ. ಆ 'ಏನಾಯ್ತೋ'ಗೆ ಏನೋ ಒಂದು ಕಾರಣ ಇದ್ದೇ ಇರುತ್ತೆ, ದಡ್ಡ ಅನ್ನೋದು ಕಾರಣ ಅಲ್ಲ.

ಈಗ್ಲೂ ಯಾವ್ದಾದ್ರೂ ಸ್ಕೂಲಿನ ವೈರಿಂಗ್ ಕೆಲ್ಸ ಸಿಕ್ಕಿದ್ರೆ ಬೋರ್ಡಿಗೆ ಬೆಳಕು ಬೀಳೋ ಥರ ಟ್ಯೂಬ್‌ಲೈಟ್ ಒಂದು ಎಕ್ಸ್‌ಟ್ರಾ ಹಾಕ್ತೀನಿ, ಹಾಕಿ ಕಡೇ ಬೆಂಚಲ್ಲಿ ಹೋಗಿ ಕೂತ್ಕೊಂಡು ನೋಡ್ತೀನಿ. ಹೋದ್ ತಿಂಗಳು ಒಂದು ಕಡೆ ಹಂಗೆ ಕೂತಿದ್ದಾಗ ಹೆಡ್‌ಮಾಸ್ಟ್ರು ಬಂದು 'ಏನಪ್ಪಾ, ಸುಸ್ತಾಯ್ತಾ' ಅಂದ್ರು. ಇಲ್ಲ ಸಾರ್, ಬೋರ್ಡ್ ಕಾಣುತ್ತಾ ನೋಡ್ತಿದೀನಿ ಅಂದೆ. ಮೊಣಕಾಲು ಬೆಂಚಿಗೆ ಸಿಕ್ಕಾಕ್ಕೊಂಡು ಎದ್ದೇಳೋಕೆ ಅವ್ರೇ ಕೈ ಕೊಡ್ಬೇಕಾಯ್ತು.

ನೀವು ಇದನ್ನ ಓದಿದ್ರೆ ಒಂದ್ ಕೆಲ್ಸ ಮಾಡಿ, ನಾಳೆ ಬೆಳಿಗ್ಗೆ ರೋಡಲ್ಲಿ ನಿಂತಿರೋ ಯಾವ್ದಾದ್ರೂ ಕಾರಿಂದ ಮೂವತ್ತು ಮೂವತ್ತೈದು ಹೆಜ್ಜೆ ದೂರ ಹೋಗಿ, ಒಂದೊಂದೇ ಕಣ್ ಮುಚ್ಚಿ ನಂಬರ್ ಓದಿ ನೋಡಿ. ಪರಿಚಯದ ಗಾಡಿ ಬೇಡ, ನಂಬರ್ ಬಾಯಿಪಾಠ ಇರುತ್ತೆ.